ಯೋಧರ ಸಮಾಧಿಭೂಮಿಗೆ ಹಣ ತೆರುವವರಾರು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕಟ್ಟಿದ ಮನೆಯನ್ನು ಕಾಪಾಡಿ ನೋಡು ಎಂಬ ಮಾತನ್ನೂ ಅದಕ್ಕೆ ಕೂಡಿಸಿದ್ದರೆ ತಪ್ಪಾಗುತ್ತಿರಲಿಲ್ಲ. ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸುವುದು, ಗೋಡೆಗೆ ಸುಣ್ಣ ಬಳಿಸುವುದು, ಬಾವಿಯ ಹೂಳು ತೆಗೆಸುವುದು ಮೊದಲಾದ ವೆಚ್ಚಗಳಿಗೆ ಕೊನೆಯೆಂಬುದಿಲ್ಲ. ಗೃಹಪ್ರವೇಶದ ದಿನ ಬಂದು ಹರಸಿದ ನೆಂಟರಲ್ಲಿ ಹೆಂಚಿನ ವೆಚ್ಚಕ್ಕೆ ಕೈನೀಡುವವರು ಯಾರೂ ಇರುವುದಿಲ್ಲವೆಂಬುದನ್ನು ಗೃಹಸ್ಥರಾದ ನಮ್ಮ ವಾಚಕರಿಗೆ ನಾವು ಬೇರೆಯಾಗಿ ಹೇಳಬೇಕಾದುದಿಲ್ಲ. ಒಂದು ಮನೆಯ ವಿಷಯವೇ ಹೀಗಿರಲು, ದೇಶಕ್ಕಾಗಿ ದುಡಿದ ಲಕ್ಷಾಂತರ ಯೋಧರ ಸಮಾಧಿಗಳನ್ನು ಎಂದೆಂದಿಗೂ ಕಾಪಾಡುವೆವೆಂದು ಒಂದು ಸರಕಾರವು ಮಾತು ಕೊಟ್ಟರೆ, ಆ 'ಎಂದೆಂದಿಗೂ' ಎಂಬ ಒಂದು ಶಬ್ದಕ್ಕೆ ತಗಲುವ ಹಣವೆಷ್ಟು, ಅದು ಬರತಕ್ಕದ್ದು ಎಲ್ಲಿಂದ? ಈ ಪ್ರಶ್ನೆಯನ್ನು ಅಮೆರಿಕದ ಸಂಯುಕ್ತ ಸಂಸ್ಥಾನಗಳವರು ನೂರಅರುವತ್ತು ವರ್ಷಗಳಿಂದ ಬಿಡಿಸುತ್ತ ಬಂದಿದ್ದಾರೆ. ಅವರ ಲೆಕ್ಕದ ಪುಸ್ತಕವನ್ನು ಸ್ವಲ್ಪ ತಿರುವಿಹಾಕಿ ನೋಡುವುದು ಈ ಲೇಖನದ ಉದ್ದೇಶ.

ನಮ್ಮಲ್ಲಿ ದಹನದ ಪದ್ಧತಿಯವರೂ ಉಂಟು, ಹೂಳುವ ಪದ್ಧತಿಯವರೂ ಉಂಟು. ಆದರೆ ಸ್ಮಶಾನವೆಂದರೆ ಊರ ಹೊರಗಿನ, ಯಾರೂ ತಿರುಗಿ ನೋಡದ ನೆಲವೆಂಬ ಭಾವನೆ ಬಹುಮಂದಿಯಲ್ಲಿ ಇದೆ. ಅಮೆರಿಕದವರ ಯೋಧರ ಸಮಾಧಿಭೂಮಿಯಾದರೋ ಹುಲ್ಲುಹಾಸು, ಮರಗಳ ಸಾಲು, ಒಂದೇ ಅಳತೆಯ ಬಿಳಿಯ ಕಲ್ಲುಗಳು ಇವುಗಳಿಂದ ಕೂಡಿದ ಉದ್ಯಾನ. ಅದು ತಾನಾಗಿ ಹಾಗೆ ಆದುದಲ್ಲ.

1863ನೆಯ ಇಸವಿಯ ಜುಲೈ ತಿಂಗಳ 1, 2, 3ನೆಯ ತಾರೀಖುಗಳಲ್ಲಿ ಪೆನ್ಸಿಲ್ವೇನಿಯ ಸಂಸ್ಥಾನದ ಗೆಟ್ಟಿಸ್‌ಬರ್ಗ್ ಎಂಬ ಸಣ್ಣ ಊರಿನ ಬಳಿ ಉತ್ತರದವರಿಗೂ ದಕ್ಷಿಣದವರಿಗೂ ಘೋರಯುದ್ಧ ನಡೆಯಿತು. ಎರಡೂವರೆ ಸಾವಿರ ಜನರೂ ಇಲ್ಲದ ಆ ಊರಿನ ಸುತ್ತ ಏಳು ಸಾವಿರಕ್ಕೂ ಮಿಕ್ಕಿ ಹೆಣಗಳು ಬಿದ್ದುವು. ಸೈನ್ಯಗಳು ಮುಂದೆ ಹೊರಟುಹೋದುವು. ಹೆಣಗಳು ಊರಿನವರ ಪಾಲಿಗೆ ಉಳಿದುವು. ಸಿಕ್ಕಿದಲ್ಲಿ ಒಂದೆರಡಡಿ ಮಣ್ಣು ಮುಚ್ಚಿ, ಹಲಗೆಯ ತುಂಡಿನ ಮೇಲೆ ಪೆನ್ಸಿಲಿನಿಂದ ಹೆಸರು ಬರೆದಿಟ್ಟಿದ್ದರು. ಮಳೆ ಬಂದರೆ ಮಣ್ಣೂ ಹೋಯಿತು, ಹೆಸರೂ ಹೋಯಿತು. ಆ ಊರಿನ ಡೇವಿಡ್ ವಿಲ್ಸ್ ಎಂಬ ತರುಣ ವಕೀಲರು ಸಂಸ್ಥಾನದ ಗವರ್ನರರಾದ ಕರ್ಟಿನ್ ಅವರ ಪರವಾಗಿ ನಿಂತು, ಉತ್ತರದ ಹದಿನೆಂಟು ಸಂಸ್ಥಾನಗಳವರನ್ನೂ ಒಟ್ಟುಗೂಡಿಸಿ, 17 ಎಕರೆ ನೆಲವನ್ನು ಕೊಂಡರು. ಅದಕ್ಕೆ ತೆತ್ತ ಬೆಲೆ 2,475 ಡಾಲರು 87 ಸೆಂಟು.

ನೆಲದ ಬೆಲೆ ಅಷ್ಟೇ ಆದರೂ ಒಟ್ಟು ವೆಚ್ಚದ ಅಂದಾಜು 63,500 ಡಾಲರಿಗೆ ಏರಿತು. ಗೋಡೆ, ದಾರಿ, ಕಲ್ಲು, ಹೆಣಗಳ ಸಾಗಣೆ, ಕಾವಲುಗಾರನ ಮನೆ ಎಲ್ಲವೂ ಸೇರಿದ ಲೆಕ್ಕವಿದು. ಇದನ್ನು ಸಂಸ್ಥಾನಗಳೊಳಗೆ ಹಂಚುವುದು ಹೇಗೆ? ಎಷ್ಟು ಹೆಣಗಳೋ ಅಷ್ಟು ಪಾಲೆಂದರೆ, ಹೆಚ್ಚು ಮಕ್ಕಳನ್ನು ಕಳೆದುಕೊಂಡ ಸಂಸ್ಥಾನವೇ ಹೆಚ್ಚು ದಂಡ ತೆತ್ತಂತಾಗುತ್ತಿತ್ತು. ಎಲ್ಲರಿಗೂ ಸಮಪಾಲೆಂದರೆ ಸಣ್ಣ ಸಂಸ್ಥಾನಗಳಿಗೆ ಭಾರವಾಗುತ್ತಿತ್ತು. ಕಡೆಗೆ, ಕಾಂಗ್ರೆಸ್ಸೆಂಬ ಅವರ ಶಾಸನಸಭೆಯಲ್ಲಿ ಯಾವ ಸಂಸ್ಥಾನಕ್ಕೆ ಎಷ್ಟು ಮಂದಿ ಪ್ರತಿನಿಧಿಗಳೋ ಅದಕ್ಕೆ ಅನುಸಾರವಾಗಿ, ಎಂದರೆ ಜನಸಂಖ್ಯೆಗೆ ತಕ್ಕಂತೆ ತೆರತಕ್ಕದ್ದೆಂದು ಗೊತ್ತುಮಾಡಿದರು. ಈ ಏರ್ಪಾಡು ನಮಗೆ ಬಹಳ ವಿವೇಕದ್ದಾಗಿ ತೋರುತ್ತದೆ. ಮಡಿದವನು ಯಾವ ಊರಿನವನಾದರೂ ಅವನ ಋಣ ಎಲ್ಲರ ಮೇಲಿದೆಯೆಂಬುದನ್ನು ಅದು ಮಾತಿನಲ್ಲಿ ಹೇಳದೆ ಲೆಕ್ಕದಲ್ಲಿ ಹೇಳಿತು.

ಹೆಣಗಳನ್ನು ಅಗೆದು ತೆಗೆದು ಹೊಸ ನೆಲಕ್ಕೆ ಸಾಗಿಸುವ ಕೆಲಸಕ್ಕೆ ಗುತ್ತಿಗೆ ಕರೆಯಲಾಗಿ 34 ಮಂದಿ ಟೆಂಡರು ಹಾಕಿದರು. ಒಂದೊಂದು ದೇಹಕ್ಕೆ 8 ಡಾಲರು ಕೇಳಿದವರೂ ಇದ್ದರು. ಗುತ್ತಿಗೆ ದೊರೆತುದು 1 ಡಾಲರು 59 ಸೆಂಟಿಗೆ ಒಪ್ಪಿದವನಿಗೆ. ಅಗೆಯುವ ಕೆಲಸವನ್ನು ಮಾಡಿದವರಾದರೋ ಬೇಸಿಲ್ ಬಿಗ್ಸ್ ಎಂಬ ಕರಿಯ ರೈತನೂ ಅವನ ಸಂಗಡಿಗರೂ. ಸ್ಯಾಮ್ಯುಯೆಲ್ ವೀವರ್ ಎಂಬವರು ಪ್ರತಿಯೊಂದು ಗುಂಡಿಯ ಬಳಿಯೂ ನಿಂತು, ಅಂಗಿಯ ಬಣ್ಣ, ಬೂಟು, ಜೇಬಿನಲ್ಲಿ ದೊರೆತ ಕಾಗದ, ಭಾವಚಿತ್ರ, ಧರ್ಮಗ್ರಂಥ ಇವುಗಳನ್ನು ನೋಡಿ ಗುರುತಿಸಿ ಬರೆದುಕೊಂಡರು. ಆ ವಸ್ತುಗಳು ಮನೆಯವರಿಗೆ ಸೇರಲಿ ಎಂಬುದಾಗಿ ಜೋಪಾನಮಾಡಿದರು. ಮೂರೂವರೆ ಸಾವಿರಕ್ಕೂ ಮಿಕ್ಕಿದ ದೇಹಗಳಲ್ಲಿ 979ಕ್ಕೆ ಹೆಸರು ಗೊತ್ತಾಗಲೇ ಇಲ್ಲ. ಲಿಂಕನ್ ಮಹಾಶಯರು 1863ರ ನವೆಂಬರು 19ರಂದು ಅಲ್ಲಿ ಮಾಡಿದ ಕಿರುಭಾಷಣವನ್ನು ಲೋಕವೆಲ್ಲ ಬಲ್ಲುದು. ಆ ದಿನ ಅವರು ಮಾತಾಡುತ್ತಿದ್ದಾಗ ಹೂಳುವ ಕೆಲಸ ಅರ್ಧವೂ ಆಗಿರಲಿಲ್ಲವೆಂಬುದನ್ನು ಬಲ್ಲವರು ಕಡಿಮೆ. ಅದು ಮುಗಿದುದು ಮರುವರ್ಷದ ಮಾರ್ಚಿಯಲ್ಲಿ.

ನಕ್ಷೆ ಹಾಕಿದವರು ಉದ್ಯಾನವಿದ್ಯೆಯನ್ನು ಬಲ್ಲ ವಿಲಿಯಂ ಸಾಂಡರ್ಸ್. ಅರ್ಧಚಂದ್ರಾಕಾರವಾಗಿ ಸಾಲುಗಳನ್ನು ಎಳೆದು, ಸಂಸ್ಥಾನಕ್ಕೊಂದು ಭಾಗವನ್ನಿಟ್ಟು, ಅಧಿಕಾರಿಗೂ ಸಿಪಾಯಿಗೂ ಭೇದವಿಲ್ಲದಂತೆ ತಗ್ಗಾದ ಗ್ರಾನೈಟ್ ಕಲ್ಲಿನ ಪಟ್ಟಿಯಲ್ಲಿ ಹೆಸರುಗಳನ್ನು ಕೆತ್ತಿಸಿದರು. ಒಬ್ಬೊಬ್ಬನಿಗೆ ಒಂದೊಂದು ಗೋಪುರವೆಬ್ಬಿಸಿದ್ದರೆ ಅವುಗಳಲ್ಲಿ ಅರ್ಧ ಇಷ್ಟು ಹೊತ್ತಿಗೆ ಓರೆಯಾಗಿರುತ್ತಿದ್ದುವು. ನಕ್ಷೆಯಲ್ಲಿ ತೋರಿದ ಸಂಯಮವು ಮುಂದಿನ ದುರಸ್ತಿಯ ವೆಚ್ಚದಲ್ಲಿ ಉಳಿತಾಯವಾಗುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾವು ಕಾಣೆವು. ಇಷ್ಟಾದರೂ, ವರ್ಷವರ್ಷವೂ ಹದಿನೆಂಟು ಬಾಗಿಲುಗಳಿಗೆ ಹೋಗಿ ಪಾಲಿನ ಹಣವನ್ನು ಬೇಡುವ ವ್ಯವಸ್ಥೆ ಬಹುಕಾಲ ನಡೆಯಲಿಲ್ಲ. 1872ರಲ್ಲಿ ಆ ನೆಲವನ್ನು ಕೇಂದ್ರಸರಕಾರಕ್ಕೆ ಒಪ್ಪಿಸಿಬಿಟ್ಟರು.

ಇನ್ನು ಸೋತವರ ಹೆಣಗಳು. ಉತ್ತರದವರ ಗೋಡೆಯೊಳಗೆ ದಕ್ಷಿಣದವರಿಗೆ ಸ್ಥಳವಿರಲಿಲ್ಲ. ಅವರು ಹೊಲಗದ್ದೆಗಳಲ್ಲಿಯೇ ಉಳಿದರು. ಎಂಟು ವರ್ಷಗಳ ತರುವಾಯ ದಕ್ಷಿಣದ ಮಹಿಳೆಯರ ಸಂಘಗಳು ಚಂದಾ ಎತ್ತಿ ತಮ್ಮವರನ್ನು ಊರಿಗೆ ತರಿಸಿಕೊಳ್ಳಲು ಮುಂದಾದುವು. ಸ್ಯಾಮ್ಯುಯೆಲ್ ವೀವರರು ಆ ಹೊತ್ತಿಗೆ ತೀರಿಕೊಂಡಿದ್ದರು. ಅವರ ಮಗ, ವೈದ್ಯರಾದ ರೂಫಸ್ ವೀವರ್, ತಂದೆಯ ಟಿಪ್ಪಣಿಗಳನ್ನು ಹಿಡಿದುಕೊಂಡು 1871ರಿಂದ 1873ರ ವರೆಗೆ ಸುಮಾರು 3,300 ದೇಹಗಳನ್ನು ಹುಡುಕಿ ಪೆಟ್ಟಿಗೆಗಳಲ್ಲಿ ತುಂಬಿ ಕಳುಹಿಸಿದರು. ಬಹುಪಾಲು ರಿಚ್ಮಂಡ್ ಪಟ್ಟಣಕ್ಕೆ ಹೋದುವು. ಹಣ ಮಾತ್ರ ಪೂರ್ತಿಯಾಗಿ ತಿರುಗಿ ಬರಲಿಲ್ಲ. ಆರು ಸಾವಿರ ಡಾಲರಿಗೂ ಹೆಚ್ಚಿನ ಬಾಕಿಗಾಗಿ ಅವರು ವರ್ಷಗಟ್ಟಲೆ ಕಾಗದ ಬರೆದರು. ಬಾಕಿ ಬಾಕಿಯಾಗಿಯೇ ಉಳಿಯಿತು. ಆ ಮಹಿಳೆಯರ ಶ್ರದ್ಧೆಯನ್ನು ಯಾರೂ ಶಂಕಿಸಲಾರರು. ಯುದ್ಧದಿಂದ ಬರಿದಾದ ಮನೆಗಳಿಂದ ಎತ್ತಿದ ಚಂದಾ ಎಷ್ಟು ದೂರ ಬಂದೀತು? ಸರಕಾರದ ಬೊಕ್ಕಸ ಹಿಂದೆ ನಿಂತ ಸಮಾಧಿಗೂ ಚಂದಾಹಣದ ಸಮಾಧಿಗೂ ಇರುವ ಅಂತರ ಆ ಒಂದು ಊರಿನಲ್ಲಿಯೇ ಹತ್ತು ವರ್ಷಗಳೊಳಗಾಗಿ ತೋರಿಬಂದಿತು.

ಗೆಟ್ಟಿಸ್‌ಬರ್ಗಿನ ಯುದ್ಧಕ್ಕೂ ಒಂದು ವರ್ಷ ಮೊದಲೇ, 1862ರ ಜುಲೈ 17ರಂದು, ಯೋಧರಿಗಾಗಿ ಸಮಾಧಿಭೂಮಿಗಳನ್ನು ಕೊಳ್ಳುವ ಅಧಿಕಾರವನ್ನು ಕಾಂಗ್ರೆಸ್ಸು ಅಧ್ಯಕ್ಷರಿಗೆ ಕೊಟ್ಟಿತ್ತು. 1867ರ ಕಾನೂನು ಇನ್ನೂ ಮುಂದೆ ಹೋಯಿತು. ಪ್ರತಿಯೊಂದು ಸಮಾಧಿಭೂಮಿಗೂ ಆವರಣವಿರಬೇಕು, ಬಾಗಿಲ ಬಳಿ ಒಂದು ಮನೆಯಿರಬೇಕು, ಅದರಲ್ಲಿ ಮೇಲ್ವಿಚಾರಕನೊಬ್ಬನು ವಾಸವಾಗಿರಬೇಕು, ಅವನು ಯುದ್ಧದಲ್ಲಿ ಅಂಗವಿಕಲನಾದ ಸಿಪಾಯಿಯಾಗಿರಬೇಕು ಎಂದು ವಿಧಿಸಿತು. ಸತ್ತವರನ್ನು ಕಾಯುವ ಕೆಲಸದಿಂದ ಬದುಕಿ ಉಳಿದವನ ಮನೆಯೂ ನಡೆಯಲಿ ಎಂಬ ಈ ಯೋಚನೆ ನಮಗೆ ತುಂಬ ಮೆಚ್ಚಿಗೆಯಾಯಿತು. 1870ರ ವೇಳೆಗೆ ಸುಮಾರು ಮೂರು ಲಕ್ಷ ದೇಹಗಳನ್ನು 73 ಸಮಾಧಿಭೂಮಿಗಳಲ್ಲಿ ಕೂಡಿಸಿದ್ದರು.

ಈಗ ಗೃಹಸ್ಥರಿಗೆ ಚೆನ್ನಾಗಿ ಅರ್ಥವಾಗತಕ್ಕ ಒಂದು ಲೆಕ್ಕ ಬರುತ್ತದೆ. ಮೊದಲಲ್ಲಿ ತಲೆಯ ಕಡೆ ನೆಟ್ಟುದು ಬಣ್ಣ ಬಳಿದ ಮರದ ಹಲಗೆ. ಒಂದಕ್ಕೆ 1 ಡಾಲರು 23 ಸೆಂಟು. ಅಗ್ಗವೆಂದೇ ಎಲ್ಲರೂ ತಿಳಿದರು. ಆದರೆ ಬಿಸಿಲುಮಳೆಗಳಲ್ಲಿ ಹಲಗೆಯ ಆಯುಷ್ಯ ಹೆಚ್ಚೆಂದರೆ ಐದು ವರ್ಷ. ಮೂರು ಲಕ್ಷ ಹಲಗೆಗಳನ್ನು ಒಂದು ಸಲ ಬದಲಾಯಿಸಲು ಮೂರು ಲಕ್ಷ ಅರುವತ್ತೊಂಬತ್ತು ಸಾವಿರ ಡಾಲರು. ಇಪ್ಪತ್ತು ವರ್ಷಗಳಲ್ಲಿ ಹತ್ತು ಲಕ್ಷವನ್ನು ಮೀರಿದ ಹಣ ಗೆದ್ದಲಿಗೆ ನೈವೇದ್ಯ! ಸೈನ್ಯದ ಸಾಮಗ್ರಿಗಳ ಮುಖ್ಯಾಧಿಕಾರಿಗಳಾದ ಮೈಗ್ಸ್ ಅವರು ಸತು ಲೇಪಿಸಿದ ಎರಕದ ಕಬ್ಬಿಣ ಸಾಕೆಂದು ವಾದಿಸಿದರು. ಜನರು ಒಪ್ಪಲಿಲ್ಲ. ಕಡೆಗೆ 1873ರಲ್ಲಿ ಕಾಂಗ್ರೆಸ್ಸು 10 ಲಕ್ಷ ಡಾಲರನ್ನು ಕಲ್ಲಿಗಾಗಿಯೇ ತೆಗೆದಿಟ್ಟಿತು. ಹೆಸರು ಗೊತ್ತಿದ್ದವರಿಗೆ ನಿಂತ ಚಪ್ಪಡಿ, ಹೆಸರಿಲ್ಲದವರಿಗೆ ಆರಂಗುಲದ ಚೌಕದ ಕಲ್ಲೆಂದು ಗೊತ್ತಾಯಿತು. ಅಗ್ಗದ ಸಾಮಾನು ಕೊಂಡು ಮೂರು ಸಲ ಬೆಲೆ ತೆತ್ತ ಅನುಭವವು ಯಾವ ಮನೆಯೊಡತಿಗೆ ಇಲ್ಲ?

ಸಮಾನತೆಯೆಂಬುದು ಕಲ್ಲಿನ ಅಳತೆಯಲ್ಲಿದ್ದಷ್ಟು ನೆಲದ ಹಂಚಿಕೆಯಲ್ಲಿ ಇರಲಿಲ್ಲವೆಂಬುದನ್ನೂ ಹೇಳಿಬಿಡುವುದು ನ್ಯಾಯ. ಕರಿಯ ಸಿಪಾಯಿಗಳ ಸಮಾಧಿಗಳು ಬೇರೆ ಭಾಗದಲ್ಲಿ ಇರುತ್ತಿದ್ದುವು. ವಾಷಿಂಗ್ಟನ್ನಿನ ಎದುರು ದಡದಲ್ಲಿರುವ ಪ್ರಸಿದ್ಧವಾದ ಆರ್ಲಿಂಗ್ಟನ್ ಸಮಾಧಿಭೂಮಿಯಲ್ಲಿಯೂ ಹಾಗೆಯೇ. ಈ ಪಂಕ್ತಿಭೇದವು ತೊಲಗಿದುದು ಅಧ್ಯಕ್ಷ ಟ್ರೂಮನ್ನರು 1948ರಲ್ಲಿ ಸೈನ್ಯದೊಳಗಿನ ವರ್ಣಭೇದವನ್ನು ತೆಗೆದುಹಾಕುವ ಆಜ್ಞೆ ಮಾಡಿದ ಮೇಲೆ.

1873ರಲ್ಲಿಯೇ ಇನ್ನೊಂದು ಬದಲಾವಣೆಯಾಯಿತು. ಖರ್ಚಿನ ದೃಷ್ಟಿಯಿಂದ ಇದೇ ಎಲ್ಲಕ್ಕಿಂತ ದೊಡ್ಡದು. ಅದುವರೆಗೆ ಯುದ್ಧದಲ್ಲಿ ಮಡಿದವರಿಗೆ ಮಾತ್ರ ಇದ್ದ ಹಕ್ಕನ್ನು, ಸೇವೆಯಿಂದ ಗೌರವದೊಡನೆ ಬಿಡುಗಡೆ ಹೊಂದಿ ಮನೆಗೆ ಮರಳಿದ ಯೋಧರಿಗೂ ವಿಸ್ತರಿಸಿದರು. ರಣರಂಗದ ಸ್ಮಶಾನವು ಯುದ್ಧ ಮುಗಿದೊಡನೆ ತುಂಬಿ ನಿಲ್ಲುತ್ತದೆ. ಮಾಜಿ ಯೋಧರ ಸ್ಮಶಾನವಾದರೋ ಯುದ್ಧ ಮುಗಿದು ನಾಲ್ವತ್ತು ಐವತ್ತು ವರ್ಷಗಳಾದ ಮೇಲೆ ತುಂಬತೊಡಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆಮಾಡಿದವರು 1 ಕೋಟಿ 60 ಲಕ್ಷ ಮಂದಿ. ಅವರಿಗೆ ಮುಪ್ಪು ಬಂದಾಗ ಹಳೆಯ ನೆಲ ಸಾಲದೆ ಹೋಗುವುದೆಂಬುದನ್ನು ಕಾಣಲು ಜೋಯಿಸರು ಬೇಕಿರಲಿಲ್ಲ. 1973ರಲ್ಲಿ 82 ರಾಷ್ಟ್ರೀಯ ಸಮಾಧಿಭೂಮಿಗಳನ್ನು ಸೈನ್ಯದಿಂದ ಮಾಜಿ ಯೋಧರ ಇಲಾಖೆಗೆ ವಹಿಸಿದರು. ಆರ್ಲಿಂಗ್ಟನ್ ಸೈನ್ಯದ ಕೈಯಲ್ಲಿಯೇ ಉಳಿಯಿತು. 1978ರಲ್ಲಿ, ಕೇಂದ್ರಸರಕಾರವು ತಾನೊಂದೇ ಎಲ್ಲವನ್ನೂ ಮಾಡಲಾರದೆಂದು ಕಂಡು, ಸಂಸ್ಥಾನಗಳು ತಾವೇ ಇಂಥ ಭೂಮಿಗಳನ್ನು ಏರ್ಪಡಿಸಿಕೊಂಡರೆ ಸಹಾಯದ್ರವ್ಯ ಕೊಡುವೆವೆಂದು ಕಾನೂನು ಮಾಡಿತು.

ಆ ಸಹಾಯದ್ರವ್ಯದ ರೀತಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮೊದಲಲ್ಲಿ ವೆಚ್ಚದ ಅರ್ಧವನ್ನು ಮಾತ್ರ ಕೊಡುತ್ತಿದ್ದರು. ಉಳಿದರ್ಧಕ್ಕೆ ಹೆದರಿ ಅನೇಕ ಸಂಸ್ಥಾನಗಳು ಹಿಂಜರಿದುವು. 1998ರ ತಿದ್ದುಪಡಿಯಿಂದ, ನೆಲವನ್ನು ಸಂಸ್ಥಾನವು ಒದಗಿಸಿದರೆ ಕಟ್ಟಡ, ದಾರಿ, ನೀರಿನ ಕೊಳವೆ, ಮೊದಲ ಸಲದ ಯಂತ್ರಸಾಮಗ್ರಿ ಎಲ್ಲಕ್ಕೂ ನೂರಕ್ಕೆ ನೂರರಷ್ಟು ಕೇಂದ್ರವೇ ಕೊಡುವುದೆಂದಾಯಿತು. 2006ರ ಕಾನೂನಿನಿಂದ ಮೂಲನಿವಾಸಿಗಳ ಬುಡಕಟ್ಟುಗಳಿಗೂ ಈ ಸೌಲಭ್ಯ ದೊರೆಯಿತು. ಯೋಧನ ಮನೆಯಿಂದ 75 ಮೈಲಿಗಳೊಳಗೆ ಅವನಿಗೊಂದು ಸ್ಥಳವಿರಬೇಕೆಂಬುದು ಅವರ ಗುರಿ. ನೂರಕ್ಕೂ ಮಿಕ್ಕಿ ಸಮಾಧಿಭೂಮಿಗಳು ಈ ಹಣದಿಂದ ಆಗಿವೆ.

ಕೇಳಲು ಉದಾರವಾಗಿದೆ. ಆದರೆ ಮದುವೆಯ ಖರ್ಚನ್ನೆಲ್ಲ ಮಾವನವರು ಕೊಟ್ಟರೂ ಮುಂದಿನ ಸಂಸಾರವನ್ನು ಅಳಿಯನೇ ಸಾಗಿಸಬೇಕಷ್ಟೆ! ನಕ್ಷೆ ತಯಾರಿಸುವ ಶಿಲ್ಪಿಗೂ ಇಂಜಿನಿಯರಿಗೂ ಮೊದಲು ಹಣ ಕೊಡಬೇಕಾದುದು ಸಂಸ್ಥಾನ. ಕೇಂದ್ರವು ಮಂಜೂರು ಮಾಡಿದ ಮೇಲೆ ಅದು ತಿರುಗಿ ಬರುತ್ತದೆ. ಆದುದರಿಂದ ಸಂಸ್ಥಾನದ ಶಾಸನಸಭೆ ಮೊದಲೇ ನಿರ್ಣಯ ಮಾಡಿ ಬೊಕ್ಕಸದಲ್ಲಿ ಹಣವನ್ನು ಗುರುತಿಸಿಡದೆ ಕೆಲಸ ಆರಂಭವಾಗುವಂತಿಲ್ಲ. ಒಮ್ಮೆ ಬಾಗಿಲು ತೆರೆದ ಬಳಿಕ ತೋಟಗಾರರ ಸಂಬಳ, ನೀರು, ಹುಲ್ಲು ಕತ್ತರಿಸುವ ಯಂತ್ರದ ದುರಸ್ತಿ, ಕುಸಿದ ಮಣ್ಣನ್ನು ತುಂಬಿ ಕಲ್ಲುಗಳನ್ನು ಮತ್ತೆ ದಾರಕ್ಕೆ ಸರಿಯಾಗಿ ನಿಲ್ಲಿಸುವುದು, ಇವೆಲ್ಲವೂ ಸಂಸ್ಥಾನದ ತಲೆಯ ಮೇಲೆ, ಎಂದೆಂದಿಗೂ. ಇದಕ್ಕೆ ಆಧಾರವಾಗಿ ಕೇಂದ್ರವು ಒಬ್ಬೊಬ್ಬ ಯೋಧನನ್ನು ಹೂಳಿದಾಗ ಒಂದು ಸಲ ಒಂದು ಮೊತ್ತವನ್ನು ಕೊಡುತ್ತದೆ. 1973ರಲ್ಲಿ ಅದು 150 ಡಾಲರಾಗಿತ್ತು, 2001ರಲ್ಲಿ 300, ಈಗ 900 ಡಾಲರನ್ನು ದಾಟಿದೆ. ಒಂದು ಸಲ ಬಂದ ಈ ಹಣದಿಂದ ಆ ಆರಡಿ ನೆಲದ ಹುಲ್ಲನ್ನು ನೂರು ಬೇಸಗೆ ಕತ್ತರಿಸಬೇಕೆಂದರೆ ಹೇಗೆ ಸಾಕಾದೀತು? ಯೋಧನ ಹೆಂಡತಿಗೆ ಅವನ ಪಕ್ಕದಲ್ಲಿಯೇ ಸ್ಥಳವುಂಟು. ಯೋಧನಿಗೆ ಉಚಿತ, ಹೆಂಡತಿಗಾಗಿ ಹಲವು ಸಂಸ್ಥಾನಗಳು ಒಂದಿಷ್ಟು ಶುಲ್ಕ ತೆಗೆದುಕೊಳ್ಳುತ್ತವೆ. ಗಂಡ ದಂಡಿನಲ್ಲಿದ್ದಾಗ ಮನೆಯನ್ನು ಒಬ್ಬಳೇ ತೂಗಿಸಿದವಳಿಂದ ಈ ಅಲ್ಪ ಹಣವನ್ನು ವಸೂಲುಮಾಡುವುದು ನಮಗೆ ಒಪ್ಪಿಗೆಯಾಗದು.

ಶಾಸನಸಭೆಗಳ ಸ್ವಭಾವವನ್ನು ಬಲ್ಲವರಿಗೆ ಮುಂದಿನ ಕಥೆ ಆಶ್ಚರ್ಯವನ್ನುಂಟುಮಾಡದು. ಪ್ರಾರಂಭೋತ್ಸವಕ್ಕೆ ಹಣ ಒದಗಿಸಲು ಪೈಪೋಟಿ. ಹುಲ್ಲಿನ ಯಂತ್ರಕ್ಕೆ ಕೇಳಿದರೆ ಮೌನ. 2007ರ ಕಾನೂನಿನಲ್ಲಿ ದುರಸ್ತಿಗಾಗಿಯೂ ಸಹಾಯದ್ರವ್ಯ ಕೊಡಬಹುದೆಂದು ಒಪ್ಪಿದರು. ಆದರೆ ಎಲ್ಲ ಸಂಸ್ಥಾನಗಳಿಗೂ ಸೇರಿ ವರ್ಷಕ್ಕೆ 50 ಲಕ್ಷ ಡಾಲರೆಂದು ಅಂದು ಮಿತಿಯಿಟ್ಟರು. ಕೇಂದ್ರದ ಸ್ವಂತ ಸಮಾಧಿಭೂಮಿಗಳ ಸ್ಥಿತಿಯೂ ಏನೂ ಸುಖವಾಗಿರಲಿಲ್ಲ. ಕಾಂಗ್ರೆಸ್ಸಿನ ಆಜ್ಞೆಯಂತೆ ಮಾಡಿದ ಪರಿಶೀಲನೆಯ ವರದಿ 2002ರಲ್ಲಿ ಹೊರಬಿದ್ದಾಗ, 928 ದುರಸ್ತಿ ಕೆಲಸಗಳು ಬಾಕಿಯಿರುವುದಾಗಿಯೂ ಅವುಗಳಿಗೆ ಸುಮಾರು 28 ಕೋಟಿ ಡಾಲರು ಬೇಕೆಂದೂ ಗೊತ್ತಾಯಿತು. ಓರೆಯಾದ ಕಲ್ಲು, ತಗ್ಗುಬಿದ್ದ ನೆಲ, ಬಿರಿದ ಗೋಡೆ. ಒಂದೊಂದು ವರ್ಷದ ಸಣ್ಣ ಉಳಿತಾಯವೂ ಕೂಡಿಕೂಡಿ ಆದ ಸಾಲವಿದು.

ಕಲ್ಲನ್ನು ಕಾಪಾಡಿದರೆ ಸಾಲದು, ಕಡತವನ್ನೂ ಕಾಪಾಡಬೇಕೆಂಬುದು ಆರ್ಲಿಂಗ್ಟನ್ನಿನಲ್ಲಿ ತಿಳಿದುಬಂದಿತು. 2010ರ ಜೂನ್ ತಿಂಗಳಲ್ಲಿ ಸೈನ್ಯದ ತನಿಖಾಧಿಕಾರಿಗಳು ಅಲ್ಲಿ ಕನಿಷ್ಠಪಕ್ಷ 211 ಸಮಾಧಿಗಳ ವಿಷಯದಲ್ಲಿ ನಕ್ಷೆಗೂ ನೆಲಕ್ಕೂ ತಾಳೆಯಿಲ್ಲವೆಂದು ಪ್ರಕಟಿಸಿದರು. ಲೆಕ್ಕವನ್ನು ಗಣಕಯಂತ್ರಕ್ಕೆ ಏರಿಸಲೆಂದು ಲಕ್ಷಾಂತರ ಡಾಲರು ವೆಚ್ಚವಾಗಿದ್ದರೂ ಕೆಲಸ ನಡೆಯುತ್ತಿದ್ದುದು ಹಳೆಯ ಕಾಗದದ ಚೀಟಿಗಳಿಂದಲೇ. ಮಗನ ಕಲ್ಲಿನ ಮುಂದೆ ಹೂವಿಟ್ಟು ಬಂದ ತಾಯಿಗೆ, ಆ ಕಲ್ಲಿನ ಕೆಳಗಿರುವವನು ತನ್ನ ಮಗನೇ ಎಂಬ ಸಂಶಯ ಹುಟ್ಟಿದರೆ ಯಾವ ಬೊಕ್ಕಸದಿಂದ ಪರಿಹಾರ ಕೊಡುವುದು? ಅಧಿಕಾರಿಗಳನ್ನು ಬದಲಾಯಿಸಿ, ಒಂದೊಂದು ಕಲ್ಲಿನ ಚಿತ್ರವನ್ನೂ ತೆಗೆದು ದಾಖಲೆಯೊಡನೆ ಹೋಲಿಸಿ ನೋಡಬೇಕಾಯಿತು.

ಪ್ರತಿವರ್ಷವೂ ಶಾಸನಸಭೆಯ ಮುಂದೆ ಕೈಚಾಚುವುದನ್ನು ತಪ್ಪಿಸುವ ಉಪಾಯವಿಲ್ಲವೆ? ಉಂಟು, ನಮ್ಮವರಿಗೆ ಅದು ಹಳೆಯ ವಿದ್ಯೆ. ಗುಡಿಯ ನಂದಾದೀಪಕ್ಕೆ ಎಣ್ಣೆಯನ್ನು ಬೇಡುವುದರ ಬದಲು ಭೂಮಿಯನ್ನೇ ಬಿಡುತ್ತಿದ್ದರು. ವೀರರ ಮನೆಯವರಿಗೆ ನೆತ್ತರುಗೊಡಗೆಯೆಂದು ನೆಲ ಕೊಟ್ಟ ಶಾಸನಗಳು ಕನ್ನಡನಾಡಿನಲ್ಲಿ ಎಷ್ಟೋ ಇವೆ. ಹತ್ತನೆಯ ಶತಮಾನದ ಆತಕೂರಿನ ಶಾಸನವಂತೂ ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಯ ಕಲ್ಲಿಗೂ ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಣ್ಣುವ ಪೂಜಾರಿಗೆ ನಾಯಿಯ ಪಾಪ ತಟ್ಟಲಿ ಎಂದು ಶಪಿಸುತ್ತದೆ. ನಿರ್ವಹಣೆಯ ಕರಾರಿಗೆ ಇಷ್ಟು ಬಿಗಿಯಾದ ದಂಡಪ್ರಕರಣವನ್ನು ಅಮೆರಿಕದ ವಕೀಲರೂ ಬರೆದಿರಲಾರರು.

ಇದೇ ಉಪಾಯವನ್ನು ಬ್ರಿಟಿಷ್ ಸಾಮ್ರಾಜ್ಯದವರು ತಮ್ಮ ಯುದ್ಧಮೃತರಿಗಾಗಿ ಮಾಡಿ ನೋಡಿದರು. ಫೇಬಿಯನ್ ವೇರ್ ಎಂಬವರ ಪ್ರಯತ್ನದಿಂದ 1917ರ ಮೇ 21ರಂದು ಹುಟ್ಟಿದ ಯುದ್ಧಸಮಾಧಿಗಳ ಆಯೋಗವು, 1926ರಲ್ಲಿ 50 ಲಕ್ಷ ಪೌಂಡಿನ ಒಂದು ಮೂಲನಿಧಿಯನ್ನು ಏರ್ಪಡಿಸಿ, ಅದರ ಬಡ್ಡಿಯಿಂದಲೇ ಎಲ್ಲ ಕಾಲಕ್ಕೂ ಸಮಾಧಿಗಳನ್ನು ನೋಡಿಕೊಳ್ಳಬಹುದೆಂದು ಎಣಿಸಿತು. ಎರಡನೆಯ ಮಹಾಯುದ್ಧವು ಬಂದು ಸಮಾಧಿಗಳನ್ನೂ ಹೆಚ್ಚಿಸಿತು, ಬೆಲೆಗಳನ್ನೂ ಏರಿಸಿತು; ಬಡ್ಡಿ ಸಾಲದೆ ಹೋಯಿತು. ಈಗ ಆರು ದೇಶಗಳ ಸರಕಾರಗಳು ತಮ್ಮ ತಮ್ಮ ಮೃತರ ಸಂಖ್ಯೆಗೆ ಅನುಸಾರವಾಗಿ ವರ್ಷವರ್ಷವೂ ಪಾಲು ಕೊಡುತ್ತವೆ. ಬ್ರಿಟನ್ನಿನದು ನೂರಕ್ಕೆ ಸುಮಾರು 78, ಕೆನಡದ್ದು 10, ಆಸ್ಟ್ರೇಲಿಯದ್ದು 6, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಗಳದು ಎರಡೆರಡು, ಭಾರತದ್ದು ಒಂದರಷ್ಟು.

ಆ ಒಂದು ಭಾಗವನ್ನು ಕಂಡು ನಮ್ಮವರು ಸತ್ತುದು ಅಷ್ಟೇ ಎಂದು ಯಾರೂ ತಿಳಿಯಬಾರದು. ಆಯೋಗವೇ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಭಾರತ, ಆಫ್ರಿಕ, ಈಜಿಪ್ಟ್ ಮೊದಲಾದ ಕಡೆಯವರಲ್ಲಿ 45,000ದಿಂದ 54,000 ಮಂದಿಗೆ ಸಮನಾದ ಸ್ಮಾರಕ ದೊರೆಯಲಿಲ್ಲವೆಂದೂ, ಕನಿಷ್ಠ 1,16,000 ಮಂದಿಗೆ ಹೆಸರಿನ ಗುರುತೇ ಇಲ್ಲವೆಂದೂ, ಆ ಸಂಖ್ಯೆ 3,50,000ದವರೆಗೂ ಇರಬಹುದೆಂದೂ ಒಪ್ಪಿಕೊಂಡಿದೆ. ಹೆಸರು ಬರೆಯದವನ ಸಮಾಧಿಗೆ ಹುಲ್ಲು ಕತ್ತರಿಸುವ ಖರ್ಚು ಬರುವುದಿಲ್ಲ.

ಹೆಸರುಳಿದ ಕೆಲವರು ಪ್ಯಾಲೆಸ್ಟೈನಿನ ಹೈಫಾ ಪಟ್ಟಣದ ರಣರಂಗದಲ್ಲಿ ಮಡಿದವರು. 1918ರ ಸೆಪ್ಟೆಂಬರು 23ರಂದು ಮೈಸೂರು ಮತ್ತು ಜೋಧಪುರ ಸಂಸ್ಥಾನಗಳ ರಾವುತರು ಕುದುರೆಗಳ ಮೇಲೆ ಏರಿಹೋಗಿ ಆ ಪಟ್ಟಣವನ್ನು ಹಿಡಿದರು. ಈಗ ಇಸ್ರೇಲಿಗೆ ಸೇರಿದ ಆ ಊರಿನಲ್ಲಿ ಭಾರತೀಯರ ಸಮಾಧಿಭೂಮಿಯೊಂದಿದೆ. ಅದನ್ನು ಇದೇ ಆಯೋಗವು ನೋಡಿಕೊಳ್ಳುತ್ತದೆ. ಅಲ್ಲಿ ಗಿಡಗಳಿಗೆ ನೀರೆರೆಯುವ ತೋಟಗಾರನ ಕೂಲಿಯಲ್ಲಿ ನೂರಕ್ಕೆ ಒಂದರಷ್ಟು, ಬೆಂಗಳೂರಿನಲ್ಲಿಯೋ ಧಾರವಾಡದಲ್ಲಿಯೋ ಕುಳಿತು ಈ ಪುಟವನ್ನು ಓದುತ್ತಿರುವವರು ತೆತ್ತ ತೆರಿಗೆಯ ಹಣದಿಂದಲೇ ಸಲ್ಲುತ್ತಿದೆ.